ಇಂಟರ್‌ನ್ಯಾಷನಲ್ ಏರ್‌ಪೋರ್ಟಿನಲ್ಲಿ ಗುಂಡುಗರಡಿಗೆ

ನಮ್ಮ ಕಡೆ ಆಕಾಶದಿಂದ ಇಳಿಯುವುದು ಎರಡೇ, ಮಳೆ ಮತ್ತು ಎಲೆಕ್ಷನ್ ಹೆಲಿಕಾಪ್ಟರು. ಮಳೆಯನ್ನಾದರೂ ಒಂದಿಷ್ಟು ನಂಬಬಹುದು. ಹೆಲಿಕಾಪ್ಟರು ಗುಂಡ್ಲುಪೇಟೆಯ ಯಾವುದಾದರೊಂದು ಮೈದಾನದಲ್ಲಿ ಇಳಿದು, ಸುತ್ತ ನಿಂತವರ ಕಣ್ಣಿಗೆ ಎರಡೂ ಅರ್ಥದಲ್ಲಿ ಮಣ್ಣೆರಚಿ, ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತದೆ. ಇನ್ನು ರೈಲು. ಅದು ಚಾಮರಾಜನಗರದವರೆಗೆ ಬಂದು, ಮುಂದೆ ಹಳಿ ಇಲ್ಲದ್ದನ್ನು ನೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಇಂಥ ಸೀಮೆಯವನಾದ ನನಗೆ ನಲವತ್ತೇಳನೆಯ ವಯಸ್ಸಿನಲ್ಲಿ ವಿಮಾನ ಹತ್ತುವ ಯೋಗ ಬಂತು. ಅದನ್ನು ತಂದುಕೊಟ್ಟದ್ದು ಟೊಮೆಟೊ ಬೀಜ.

ಬೇಗೂರಿನಲ್ಲಿ ಹೈವೇ ಪಕ್ಕಕ್ಕೆ ನನ್ನದೊಂದು ಬೀಜ ಗೊಬ್ಬರದ ಅಂಗಡಿ ಇದೆ. ಬೀಜದ ಕಂಪನಿಯೊಂದು ಪ್ರತಿ ವರ್ಷ ನಮ್ಮಂಥ ಅಂಗಡಿಯವರಿಗೆ ಟಾರ್ಗೆಟ್ ಕೊಡುತ್ತದೆ. ಮುಟ್ಟಿದವರನ್ನು ಟೂರಿಗೆ ಕರೆದುಕೊಂಡು ಹೋಗುತ್ತದೆ. ಹೋದ ವರ್ಷ ನಾನೂ ಮುಟ್ಟಿದೆ. ಕಂಪನಿಯ ಸೇಲ್ಸ್ ಆಫೀಸರು ಅಂಗಡಿಗೇ ಬಂದು ಬಣ್ಣದ ಕಾಗದ ಕೊಟ್ಟ. ಕಡಲ ತೀರದ ರೆಸಾರ್ಟಿನಲ್ಲಿ ಮೂರು ದಿನ, ದಂಪತಿ ಸಮೇತ, ಹೋಗುವಾಗ ಬಸ್ಸು, ಬರುವಾಗ ಇಂಟರ್‌ನ್ಯಾಷನಲ್ ಏರ್‌ಪೋರ್ಟಿನಿಂದ ವಿಮಾನ. ಬರುವಾಗ ಮಾತ್ರ ಏಕೆ ವಿಮಾನ ಎಂದು ಕೇಳಿದೆ. ಹೋಗುವಾಗ ಎಲ್ಲರೂ ಖುಷಿಯಾಗಿಯೇ ಹೋಗುತ್ತಾರೆ ಸಾರ್, ವಾಪಸ್ಸು ಕರೆದುಕೊಂಡು ಬರುವುದೇ ಕಷ್ಟ ಎಂದ. ಅನುಭವದ ಮಾತೇ ಇರಬೇಕು.

ನನಗೆ ಆ ಕಾಗದದಲ್ಲಿ ಕಂಡದ್ದು ವಿಮಾನ ಒಂದೇ. ಅದಕ್ಕೆ ಕಾರಣವೂ ಉಂಟು. ಜುಲೈ ಬಂತೆಂದರೆ ಹಂಗಳದ ಕಡೆ ಸೂರ್ಯಕಾಂತಿ, ಚೆಂಡು ಹೂವು ಅರಳಿ ನಿಲ್ಲುತ್ತವೆ. ಬೆಂಗಳೂರಿನಿಂದ, ಕೇರಳದಿಂದ ಕಾರುಗಳು ಸಾಲಾಗಿ ಬಂದು, ನಮ್ಮ ಜನರ ಹೊಲ ತುಳಿದು, ಹೂವಿನ ನಡುವೆ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಹೋಗುತ್ತವೆ. ಹೊಲದ ಯಜಮಾನ ಬದುವಿನ ಮೇಲೆ ನಿಂತು, ತಾನೇ ಅಡ್ಡ ಬಂದವನ ಹಾಗೆ ಪಕ್ಕಕ್ಕೆ ಸರಿಯುತ್ತಾನೆ. ಇಷ್ಟು ವರ್ಷ ಇದನ್ನು ನೋಡಿ ನೋಡಿ ನನಗೂ ಒಂದು ಸೇಡಿನ ಆಸೆ ಹುಟ್ಟಿತ್ತು. ವಿಮಾನದ ಕಿಟಕಿಯಿಂದ ರೆಕ್ಕೆ ಕಾಣುವ ಹಾಗೆ ಒಂದು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಬೇಕು, ಅಂಗಡಿಗೆ ಬರುವವರೆಲ್ಲ ಅದನ್ನು ನೋಡಬೇಕು, ಅಷ್ಟೇ. ಇಡೀ ಟೂರಿನಿಂದ ನಾನು ಬಯಸಿದ್ದು ಅಷ್ಟೇ ಎಂದರೆ ನನ್ನ ಯೋಗ್ಯತೆ ನಿಮಗೆ ತಿಳಿದಂತಾಯಿತು.

ಹೆಂಡತಿ ಬರುವುದಿಲ್ಲ ಎಂದಳು. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ಅದೂ ಅಲ್ಲದೆ, ಗೊಬ್ಬರದ ಅಂಗಡಿಯವರ ಹೊಟ್ಟೆಗಳನ್ನು ನೋಡಲು ಸಮುದ್ರದವರೆಗೆ ಹೋಗಬೇಕೇ, ಇಲ್ಲೇ ಸಾಕಷ್ಟು ನೋಡಿದ್ದೇನೆ ಎಂದಳು. ಅತ್ತೆಯನ್ನು ಕರೆದುಕೊಂಡು ಹೋಗಿ ಎಂದು ಅವಳೇ ತೀರ್ಮಾನ ಕೊಟ್ಟಳು. ದಂಪತಿ ಸಮೇತ ಎಂದು ಅಚ್ಚಾಗಿದ್ದ ಜಾಗದಲ್ಲಿ ಸೇಲ್ಸ್ ಆಫೀಸರು ಪೆನ್ನಿನಿಂದ ಹೊಡೆದು ತಾಯಿ ಎಂದು ಬರೆದುಕೊಂಡ. ಮುಖ ಹುಳ್ಳಗೆ ಮಾಡಿಕೊಂಡೇ ಬರೆದುಕೊಂಡ.

ಅವ್ವನಿಗೆ ಎಪ್ಪತ್ತೆರಡು. ಅವಳು ಕಂಡ ದೂರ ಎಂದರೆ ಮಾದಪ್ಪನ ಬೆಟ್ಟ ಮತ್ತು ಮೈಸೂರಿನ ಆಸ್ಪತ್ರೆ. ವಿಮಾನ, ಸಮುದ್ರ, ರೆಸಾರ್ಟು ಎಂದು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು. ಬೆಳಿಗ್ಗೆ ಸ್ನಾನಕ್ಕೆ ನೀರು ಇರುತ್ತದೆಯೇ, ಪೂಜೆಗೆ ಕೂರಲು ಒಂದು ಮೂಲೆ ಇರುತ್ತದೆಯೇ ಎಂದು. ಇರುತ್ತದೆ ಎಂದೆ. ಹಾಗಾದರೆ ಬರುತ್ತೇನೆ ಎಂದಳು.

ಆ ಪೂಜೆಯ ವಿಷಯ ಇಲ್ಲಿ ಹೇಳಲೇಬೇಕು. ಅವ್ವನ ಕೊರಳಲ್ಲಿ ಶಿವದಾರ, ಶಿವದಾರದಲ್ಲಿ ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದಾದ ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಇಷ್ಟಲಿಂಗ. ಉಂಡರೂ ಮಲಗಿದರೂ ಅದು ಮೈಮೇಲಿಂದ ಇಳಿಯುವಂತಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಮಾತ್ರ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂರುತ್ತಾಳೆ. ಲಿಂಗ ಅಂಗೈಯಲ್ಲಿರುವಷ್ಟು ಹೊತ್ತು ಮಾತಾಡುವುದಿಲ್ಲ. ಒಮ್ಮೆ ಒಣಹಾಕಿದ್ದ ರಾಗಿಗೆ ಕರು ಬಾಯಿ ಹಾಕಿದಾಗಲೂ ಅವಳು ಹ್ಞೂಂ ಹ್ಞೂಂ ಎಂದಳೇ ಹೊರತು ಬಾಯಿ ಬಿಡಲಿಲ್ಲ. ಕರು ಹೊಟ್ಟೆ ತುಂಬ ತಿಂದಿತು. ಆ ಕರಡಿಗೆಯನ್ನು ಅವಳ ತಾಯಿ ಮಾಡಿಸಿಕೊಟ್ಟದ್ದು. ದುಂಡಗಿರುವುದರಿಂದ ಗುಂಡುಗರಡಿಗೆ. ಅವ್ವನ ಬಾಯಲ್ಲಿ ಗುಂಡ್ಗರಡ್ಗೆ.

ನನಗೂ ಒಂದು ಇಷ್ಟಲಿಂಗ ಇತ್ತು. ಹದಿನಾಲ್ಕು ವರ್ಷದ ಹಿಂದೆ ಬೈಕಿನಿಂದ ಬಿದ್ದು, ಮೈಸೂರಿನ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಸುವಾಗ ಕಳಚಿದ್ದು, ಮತ್ತೆ ಕಟ್ಟಿಕೊಳ್ಳಲಿಲ್ಲ. ಅದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಅವ್ವನೂ ಹೇಳಲಿಲ್ಲ. ದೇವರ ಮನೆಯ ಗೂಡಿನಲ್ಲಿ ಎಲ್ಲೋ ಇರಬೇಕು ಎಂದುಕೊಂಡು ಹಾಯಾಗಿದ್ದೆ. ಮದುವೆ ಮುಂಜಿಗೆ ಹೋಗುವಾಗ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡರೆ ಯಾರೂ ಅಂಗಿಯೊಳಗೆ ಇಣುಕಿ ನೋಡುವುದಿಲ್ಲ. ಇದು ನನ್ನ ಒಬ್ಬನ ಜಾಣತನವಲ್ಲ, ನಮ್ಮ ತಾಲ್ಲೂಕಿನ ಅರ್ಧ ಗಂಡಸರ ಜಾಣತನ.

ರೆಸಾರ್ಟಿನ ಮೂರು ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಕೆಲವರ ಸಂಸಾರ ಕೆಡುತ್ತದೆ. ಗುಂಡು ಎಂಬ ಪದಕ್ಕೆ ನಮ್ಮಲ್ಲಿ ಮೂರು ಅರ್ಥ. ದುಂಡಗಿರುವುದು ಒಂದು, ಬಂದೂಕಿನಿಂದ ಹೊರಡುವುದು ಇನ್ನೊಂದು, ಬಾಟಲಿಯಿಂದ ಲೋಟಕ್ಕೆ ಇಳಿಯುವುದು ಮೂರನೆಯದು. ಆ ಮೂರು ದಿನ ನಡೆದದ್ದು ಮೂರನೆಯ ಅರ್ಥದ ಗುಂಡು. ಹರದನಹಳ್ಳಿಯ ಡೀಲರ್ ಒಬ್ಬರಿದ್ದರು. ಊರಿನಲ್ಲಿ ವಿಭೂತಿ ಇಲ್ಲದ ಅವರ ಹಣೆಯನ್ನು ನಾನು ಕಂಡೇ ಇರಲಿಲ್ಲ. ಅವರು ಗಿಳಿ ಚಿತ್ರದ ಅಂಗಿ, ಮೊಳಕಾಲಿನ ಚಡ್ಡಿ ತೊಟ್ಟು ಅಲೆಯಲ್ಲಿ ಕುಳಿತು, ಮಠದ ಜಾಗದ ವ್ಯಾಜ್ಯದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು. ನಾನೂ ಪಕ್ಕದಲ್ಲೇ ಕುಳಿತಿದ್ದೆ. ನನ್ನ ಅಂಗಿಯ ಮೇಲೆ ಅನಾನಸ್ಸಿನ ಚಿತ್ರವಿತ್ತು.

ಅವ್ವ ದಡದಲ್ಲಿ ದೊಡ್ಡ ಛತ್ರಿಯ ಕೆಳಗೆ ಕುಳಿತು ಸಮುದ್ರವನ್ನು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದ ಮೇಲೆ ಈ ನೀರು ಯಾವ ಬೆಳೆಗೂ ಆಗುವುದಿಲ್ಲವೇ ಎಂದು ಕೇಳಿದಳು. ಆಗುವುದಿಲ್ಲ, ಎಲ್ಲ ಉಪ್ಪು ಎಂದೆ. ಇಷ್ಟೊಂದು ನೀರಿಗೆ ಉಪ್ಪು ಸುರಿದು ಕೂತಿದ್ದಾನಲ್ಲ ಆ ಶಿವ ಎಂದು ಬೇಸರಪಟ್ಟುಕೊಂಡಳು. ಆಮೇಲೆ ಅವಳು ಸಮುದ್ರದ ಕಡೆ ಅಷ್ಟಾಗಿ ನೋಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸಿನಲ್ಲಿ ಏರ್‌ಪೋರ್ಟಿಗೆ ಹೊರಟೆವು. ಕಡಲ ತೀರದ ಪ್ರವಾಸಿಗಳಿಗಾಗಿಯೇ ಕಟ್ಟಿದ ಏರ್‌ಪೋರ್ಟು ಎಂದು ಸೇಲ್ಸ್ ಆಫೀಸರು ಮೈಕಿನಲ್ಲಿ ಹೇಳಿದ. ಕಡಲಿನಿಂದ ಬಸ್ಸು ಒಂದೂವರೆ ಗಂಟೆ ಗುಡ್ಡ ಹತ್ತಿತು. ಕೊನೆಗೆ ಬೋಳು ಬಯಲಿನಲ್ಲಿ ಗಾಜಿನ ಕಟ್ಟಡ ಕಾಣಿಸಿತು. ಸಮುದ್ರ ಅಲ್ಲಿಗೆ ಬರಲಾಗದ್ದಕ್ಕೆ ಅದರ ಗೊಂಬೆಯಾಟವನ್ನು ಒಳಗೇ ಮಾಡಿಟ್ಟಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಒಂದಿಷ್ಟು ಮರಳು, ಪ್ಲಾಸ್ಟಿಕ್ಕಿನ ತೆಂಗಿನ ಮರ, ಹುಟ್ಟಿದಾಗಿನಿಂದ ನೀರು ಕಾಣದ ಮೀನಿನ ದೋಣಿ. ಕಂಬಗಳಿಗೆಲ್ಲ ಚೆಂಡು ಹೂವಿನ ಹಾರ ಸುತ್ತಿದ್ದರು. ಅಭ್ಯಾಸಬಲದಿಂದ ಒಂದು ಹೂವನ್ನು ಹಿಚುಕಿ ನೋಡಿದೆ. ಅದೂ ಪ್ಲಾಸ್ಟಿಕ್ಕು. ಗುಂಡ್ಲುಪೇಟೆಯಲ್ಲಿ ರೇಟು ಬಿದ್ದಾಗ ಟ್ರ್ಯಾಕ್ಟರಿನಲ್ಲಿ ತಂದು ರಸ್ತೆಗೆ ಸುರಿಯುವ ಹೂವನ್ನು ಇಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಒರೆಸಿ ಒರೆಸಿ ಇಟ್ಟುಕೊಂಡಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು.

ಇಂಟರ್‌ನ್ಯಾಷನಲ್ ಎಲ್ಲಿದೆ ಎಂದು ಹುಡುಕಿದೆ. ಒಂದು ಮೂಲೆಯಲ್ಲಿ ಆ ಹೆಸರಿನ ಬೋರ್ಡು, ಬೋರ್ಡಿನ ಕೆಳಗೆ ಅಡ್ಡ ಕಟ್ಟಿದ ಹಗ್ಗ, ಹಗ್ಗದ ಆಚೆ ಒಂದು ಖಾಲಿ ಕುರ್ಚಿ ಇತ್ತು. ಸದ್ಯಕ್ಕೆ ವಿದೇಶಕ್ಕೆ ಹೋಗುವ ವಿಮಾನ ಇಲ್ಲವಂತೆ. ಅವ್ವ ಮಾತ್ರ ಕಟ್ಟಡವನ್ನು ಮೆಚ್ಚಿಕೊಂಡಳು. ಹೊಳೆಯುವ ನೆಲ, ಸಾಲು ಕುರ್ಚಿ, ಹೂವಿನ ಹಾರ, ಎಲ್ಲವನ್ನೂ ಸುತ್ತ ನೋಡಿ ನನ್ನ ಕಿವಿಯ ಬಳಿ ಬಾಗಿದಳು.

"ಛತ್ರ ಚೆಂದಾಗದೆ ಕಣ್ಲಾ. ಮದ್ವೆ ಯಾರ್ದು?"

ಮದುವೆ ಯಾರದೂ ಅಲ್ಲ, ಬೇಗ ನಡಿ ಎಂದೆ. ಪಕ್ಕದಲ್ಲಿ ಗಿಳಿ ಅಂಗಿಯ ಡೀಲರು ನಗುತ್ತಿದ್ದರು. ನನಗೆ ಅವ್ವನ ಬಗ್ಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಈಗ ನೆನೆದರೆ ಬೇರೆ ಥರದ ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ಅದು.

ಮುಂದೆ ತಪಾಸಣೆಯ ಜಾಗ. ಬ್ಯಾಗುಗಳನ್ನು ಯಂತ್ರದೊಳಗೆ ಎಳೆದುಕೊಂಡು ಹೋಗುವ ಬೆಲ್ಟು, ಪಕ್ಕದಲ್ಲಿ ಮನುಷ್ಯರು ದಾಟುವ ಬಾಗಿಲಿನ ಚೌಕಟ್ಟು. ಸೊಂಟದ ಬೆಲ್ಟು, ಪರ್ಸು, ಫೋನು, ಶೂ ಎಲ್ಲ ಪ್ಲಾಸ್ಟಿಕ್ ತಟ್ಟೆಗೆ ಹಾಕಬೇಕು. ಹೆಂಗಸರಿಗೆ ಬೇರೆ ಸಾಲು, ಪರದೆ ಕಟ್ಟಿದ ಗೂಡು, ಅದರಲ್ಲಿ ಖಾಕಿ ತೊಟ್ಟ ಹುಡುಗಿಯೊಬ್ಬಳು. ಅವ್ವ ತನ್ನ ಬಟ್ಟೆ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ನಾನು ಅದನ್ನು ಕಿತ್ತುಕೊಂಡು ಬೆಲ್ಟಿನ ಮೇಲೆ ಹಾಕಿದೆ. ಅದು ಗಿಳಿ ಅಂಗಿಯವರ ಶೂಗಳ ತಟ್ಟೆಯ ಹಿಂದೆ ಹೋಯಿತು. ಅವ್ವ ಏನೋ ಹೇಳಲು ಬಾಯಿ ತೆರೆದಳು. ನಡಿ ನಡಿ, ಹಿಂದೆ ಜನ ಕಾಯುತ್ತಿದ್ದಾರೆ ಎಂದೆ. ಅವಳು ಹೆಂಗಸರ ಸಾಲಿಗೆ ಹೋದಳು. ನಾನು ಚೌಕಟ್ಟು ದಾಟಿ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ಅವಳು ಬರುವುದನ್ನು ಕಾಯುತ್ತ ಈಚೆ ನಿಂತೆ.

ಪರದೆಯ ಒಳಗೆ ಕುಂಯ್ ಎಂಬ ಸದ್ದು ಬಂತು. ಹುಡುಗಿ ಹಿಂದಿಯಲ್ಲಿ ಏನೋ ಕೇಳಿದಳು. ಅವ್ವನಿಗೆ ಹಿಂದಿ ಬಾರದು, ಆದರೆ ಬೆರಳು ಯಾವುದರ ಮೇಲಿದೆ ಎಂಬುದು ತಿಳಿಯುತ್ತದೆ. ಅವಳು ದೊಡ್ಡ ದನಿಯಲ್ಲಿ, ಸಾಕಷ್ಟು ಹೆಮ್ಮೆಯಿಂದಲೇ ಉತ್ತರ ಕೊಟ್ಟಳು.

"ಗುಂಡ್ಗರಡ್ಗೆ ಕಣಮ್ಮಿ. ನಮ್ಮವ್ವ ಮಾಡಿಸ್ಕೊಟ್ಟಿದ್ದು."

ಹುಡುಗಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಹೊರಗೆ ಬೆಲ್ಟಿನ ಪಕ್ಕದಲ್ಲಿ ನಿಂತಿದ್ದ ಮೀಸೆಯ ಸೆಕ್ಯುರಿಟಿ ಜವಾನನಿಗೆ. ಆತ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದವನಂತೆ. ಅಲ್ಲಿ ಕಲಿತ ಹತ್ತಿಪ್ಪತ್ತು ಕನ್ನಡ ಪದಗಳಲ್ಲಿ ಗುಂಡು ಎಂಬುದೂ ಇತ್ತು. ಅದು ನಾವು ಮೂರು ದಿನ ಬಳಸಿದ ಗುಂಡಲ್ಲ, ಅವನ ಕೆಲಸಕ್ಕೆ ಬೇಕಾದ ಗುಂಡು. ಆತ ಒಂದೇ ನೆಗೆತಕ್ಕೆ ಪರದೆಯ ಬಳಿ ಬಂದು, ಗುಂಡು ಎಂದವರು ಯಾರು ಎಂದು ಕನ್ನಡದಲ್ಲೇ ಕೇಳಿದ. ಒಳಗಿನಿಂದ ಅವ್ವ, ನಂದೇ ಕಣಪ್ಪ ಎಂದಳು.

ಬೆಲ್ಟು ನಿಂತಿತು. ಇನ್ನೂ ಇಬ್ಬರು ಖಾಕಿಯವರು ಬಂದರು. ಅಲ್ಲಿಯವರೆಗೆ ನಮ್ಮ ಹಿಂದೆ ಒತ್ತಿಕೊಂಡು ನಿಂತಿದ್ದ ಡೀಲರುಗಳೆಲ್ಲ ನಾವು ಯಾರೋ ತಾವು ಯಾರೋ ಎಂಬಂತೆ ನಾಲ್ಕು ಹೆಜ್ಜೆ ದೂರ ಸರಿದರು. ಕಂಪನಿಯ ಟೋಪಿ ಎಲ್ಲರ ತಲೆಯ ಮೇಲೂ ಒಂದೇ ಇದ್ದದ್ದರಿಂದ ಪ್ರಯೋಜನವಾಗಲಿಲ್ಲ. ನಾನು ನನ್ನ ಹಿಂದಿಯನ್ನು ಹೊರಗೆ ತೆಗೆದೆ. ಟಿವಿ ನೋಡಿ ಕಲಿತ ಹಿಂದಿ. ಗುಂಡು ಅಂದರೆ ಆ ಗುಂಡಲ್ಲ, ದುಂಡಗಿರುವ ಗುಂಡು, ಒಳಗೆ ದೇವರಿದ್ದಾನೆ ಎಂದು ಹೇಳಲು ಹೋದೆ. ಬಾಯಿಂದ ಹೊರಗೆ ಬಂದದ್ದು, ಒಳಗೆ ಗುಂಡಿಲ್ಲ, ಭಗವಂತನಿದ್ದಾನೆ, ಭಗವಂತ ದುಂಡಗಿದ್ದಾನೆ ಎಂದು. ಮೀಸೆಯವನು ನನ್ನ ಹತ್ತಿರ ಬಂದು ಮೂಗರಳಿಸಿದ. ಹಿಂದಿನ ದಿನದ್ದು ಇನ್ನೂ ನನ್ನ ಉಸಿರಿನಲ್ಲಿತ್ತು. ಆತನಿಗೆ ಗುಂಡಿನ ಮೂರನೆಯ ಅರ್ಥವೂ ಗೊತ್ತಿತ್ತೆಂದು ಅವನ ಮುಖ ನೋಡಿದಾಗ ತಿಳಿಯಿತು.

ಕೊನೆಗೆ ದೇವರ ವಿಷಯ ಎಂಬುದು ಅವರಿಗೆ ಅರ್ಥವಾಯಿತು. ಅಲ್ಲಿಂದ ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು. ಸರ, ಬಳೆ ಇದ್ದರೆ ಪರವಾಗಿಲ್ಲ. ಇದು ಮುಚ್ಚಿದ ಲೋಹದ ಡಬ್ಬಿ. ಮುಚ್ಚಿದ್ದು ಯಾವುದೇ ಆಗಲಿ ತಟ್ಟೆಯಲ್ಲಿಟ್ಟು ಯಂತ್ರದಲ್ಲಿ ಕಳಿಸಲೇಬೇಕು, ಆ ಕಡೆ ಬಂದ ತಕ್ಷಣ ಹಾಕಿಕೊಳ್ಳಲಿ. ತಟ್ಟೆ ಎಂದರೆ ಶೂ ಇಟ್ಟ ತಟ್ಟೆ. ಅವ್ವ ಪರದೆಯಿಂದ ಹೊರಗೆ ಬಂದು, ಕರಡಿಗೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ನಿಂತಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

"ಇದ ಮೈ ಮ್ಯಾಲಿಂದ ತೆಗೆಯಂಗಿಲ್ಲ ಕಣಪ್ಪ. ನಾ ಇಮಾನ ಅತ್ತಕಿಲ್ಲ, ಬಸ್ಸಲ್ಲಿ ಓಯ್ತೀನಿ ಬುಡು."

ಅವಳು ಹೆದರಿಸಲು ಹೇಳಿದ ಮಾತಲ್ಲ ಅದು. ಬೇಗೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮುಂದಿನ ಬಸ್ಸಿಗೆ ಹೋಗುತ್ತೇನೆ ಎಂದ ಹಾಗೆ ಹೇಳಿದಳು. ಬೇಗೂರು ಅಲ್ಲಿಂದ ಎಷ್ಟು ದೂರ ಎಂಬ ಲೆಕ್ಕವೇ ಅವಳಿಗಿರಲಿಲ್ಲ. ವಿಮಾನಕ್ಕೆ ಇನ್ನು ಅರ್ಧ ಗಂಟೆ ಇತ್ತು. ಸೇಲ್ಸ್ ಆಫೀಸರು ಗಡಿಯಾರ ತೋರಿಸಿ ತೋರಿಸಿ ಕೈ ಬೀಸುತ್ತಿದ್ದ. ಅವಳನ್ನು ಬಿಟ್ಟು ನಾನು ಹತ್ತುವಂತಿಲ್ಲ, ಅವಳ ಜೊತೆ ಇಳಿದರೆ ನನ್ನ ಕಿಟಕಿ ಹೋಯಿತು, ರೆಕ್ಕೆ ಹೋಯಿತು, ಸ್ಟೇಟಸ್ಸು ಹೋಯಿತು. ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಲಿಂಗವೂ ಅಲ್ಲ, ಅವ್ವನೂ ಅಲ್ಲ, ಆ ಕಿಟಕಿ.

"ಅವ್ವ, ತಟ್ಟೇಲಿ ಇಟ್ಬುಡು. ಒಂದು ನಿಮಿಷ ತಾನೆ" ಎಂದೆ.

ಅವ್ವ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂಗಡಿಗೆ ಬಂದ ಗಿರಾಕಿ ಹಾಳಾದ ಬೀಜದ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಾನಲ್ಲ, ಹಾಗೆ ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಆ ಖಾಕಿ ಹುಡುಗಿಯ ಕಡೆ ತಿರುಗಿ, ಕೈ ತೊಳೆಯುವ ಸನ್ನೆ ಮಾಡಿದಳು.

ಹುಡುಗಿ ತನ್ನ ಕುಡಿಯುವ ನೀರಿನ ಬಾಟಲಿ ತಂದಳು. ಅಲ್ಲೂ ಇದ್ದ ಇನ್ನೊಂದು ಪ್ಲಾಸ್ಟಿಕ್ ತೆಂಗಿನ ಮರದ ಕುಂಡದ ಮೇಲೆ ಅವ್ವ ಕೈ ಚಾಚಿದಳು, ಹುಡುಗಿ ನೀರು ಹೊಯ್ದಳು. ಅವ್ವ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಕಣ್ಣು ಮುಚ್ಚಿ, ಕರಡಿಗೆಯನ್ನು ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಳು. ಕರಡಿಗೆ ಬೆಳ್ಳಿಯದು, ಲಿಂಗ ಕಲ್ಲಿನದು. ಖಾಲಿ ಕರಡಿಗೆಯನ್ನು ಬಲಗೈಯಿಂದ ಹುಡುಗಿಗೆ ಕೊಟ್ಟಳು. ಆ ಹುಡುಗಿ ಒಂದು ತಟ್ಟೆಯನ್ನು ತನ್ನ ಕರವಸ್ತ್ರದಿಂದ ಎರಡು ಸಲ ಒರೆಸಿ ಅದರಲ್ಲಿಟ್ಟು ಯಂತ್ರಕ್ಕೆ ಕಳಿಸಿದಳು. ನನ್ನ ತಲೆಗೆ ಹೊಳೆಯದ ಈ ಉಪಾಯ ಹಿಂದಿ ಬಾರದ ಅವರಿಬ್ಬರ ನಡುವೆ, ಅಲ್ಲ, ಹಿಂದಿ ಬಾರದ ಒಬ್ಬಳು ಮತ್ತು ಕನ್ನಡ ಬಾರದ ಇನ್ನೊಬ್ಬಳ ನಡುವೆ, ಒಂದೂ ಮಾತಿಲ್ಲದೆ ನಡೆದುಹೋಯಿತು.

ಅವ್ವ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಮನೆಯ ಹಿತ್ತಲಿನಿಂದ ದೇವರ ಮನೆಗೆ ನಡೆದು ಬರುವ ಹಾಗೆ ಆ ಚೌಕಟ್ಟನ್ನು ದಾಟಿದಳು. ಒಂದು ಸದ್ದೂ ಇಲ್ಲ. ಗಿಳಿ ಅಂಗಿಯವರು ಫೋನಿನಲ್ಲಿ ವಿಡಿಯೋ ಮಾಡಲು ಹೋಗಿ ಮೀಸೆಯವನಿಂದ ಸರಿಯಾಗಿ ಬೈಸಿಕೊಂಡರು. ಆಮೇಲೆ ಆ ಮೀಸೆಯವನು ಅವ್ವನಿಗೆ ಕೈ ಮುಗಿದ. ಅವ್ವ ಮಾತಾಡಲಿಲ್ಲ, ಲಿಂಗ ಕೈಯಲ್ಲಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಕಥೆಯನ್ನು ಅಂಗಡಿಯಲ್ಲಿ ಕುಳಿತು ಎಲ್ಲರಿಗೂ ಹೇಳಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಯಂತ್ರದ ಈಚೆ ಕುಳಿತಿದ್ದವನು ಅವ್ವನ ಬಟ್ಟೆ ಚೀಲವನ್ನು ಎತ್ತಿ ಪಕ್ಕಕ್ಕೆ ಇಟ್ಟು, ಇದು ಯಾರದು ಎಂದು ಕೇಳಿದ. ಒಳಗೆ ಉಂಡೆಯಂಥದ್ದು, ಗಟ್ಟಿಯಂಥದ್ದು ಏನೇನೋ ಕಾಣುತ್ತಿದೆಯಂತೆ. ನನ್ನ ಕೈಯಲ್ಲೇ ಬಿಚ್ಚಿಸಿದ. ಒಂದು ಸೀರೆ, ತಾಮ್ರದ ತಂಬಿಗೆ, ನಾಲ್ಕು ವಿಭೂತಿ ಗಟ್ಟಿ, ರಾಗಿ ರೊಟ್ಟಿಯ ಗಂಟು, ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ. ವಿಭೂತಿ ಗಟ್ಟಿಯನ್ನು ಮೂಸಿ ನೋಡಿ ಬಿಟ್ಟ. ಕೊನೆಗೆ ತಳದಲ್ಲಿ ಬಿಳಿ ಬಟ್ಟೆಯ ಒಂದು ಸಣ್ಣ ಗಂಟು ಸಿಕ್ಕಿತು. ಬಟ್ಟೆ ಅಂದಿನ ಬೆಳಿಗ್ಗೆಯೇ ಒಗೆದು ಒಣಗಿಸಿದಂತಿತ್ತು, ವಿಭೂತಿಯ ಗುರುತಿತ್ತು. ಬಿಚ್ಚಿದೆ. ಒಳಗೆ ಇನ್ನೊಂದು ಲಿಂಗ.

ಇದು ಯಾರದು ಎಂದು ಆತ ಮತ್ತೆ ಕೇಳಿದ. ನಾನು ಅವ್ವನ ಕಡೆ ನೋಡಿದೆ. ಅವಳು ಅಂಗೈಯಲ್ಲಿ ತನ್ನ ಲಿಂಗ ಹಿಡಿದು ನಿಂತಿದ್ದಳು, ಮಾತಾಡುವಂತಿರಲಿಲ್ಲ. ಗದ್ದವನ್ನು ಎತ್ತಿ ನನ್ನ ಕಡೆ ತೋರಿಸಿದಳು. ಗಿಳಿ ಅಂಗಿಯವರು, ಸೇಲ್ಸ್ ಆಫೀಸರು, ಮೀಸೆಯವನು, ಎಲ್ಲರೂ ನನ್ನ ಕಡೆ ತಿರುಗಿದರು. ಮೇರಾ ಎಂದೆ. ನನ್ನ ಹಿಂದಿಯಲ್ಲಿ ಅವತ್ತು ತಪ್ಪಿಲ್ಲದೆ ಬಂದ ಪದ ಅದೊಂದೇ.

ಅವ್ವ ಕರಡಿಗೆಯನ್ನು ತೆಗೆದುಕೊಂಡು, ಲಿಂಗವನ್ನು ಒಳಗಿಟ್ಟು ಮುಚ್ಚಿ, ಕೊರಳಿಗೆ ಸರಿಮಾಡಿಕೊಂಡಳು. ಆಮೇಲೆ ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ.

"ಎಕ್ಸ್‌ರೇ ರೂಮಿಗೆ ಓಗುವಾಗ ನನ್ನ ಮಡ್ಲಿಗೆ ಆಕಿ, ಅವ್ವ, ಒಂದು ನಿಮಿಷ ಇಡ್ಕೊಂಡಿರು ಅಂದೆ. ಇಡ್ಕೊಂಡೇ ಇವ್ನಿ ಕಣ್ಲಾ. ನೀ ಕೇಳ್ನಿಲ್ಲ, ನಾ ಇಳಿಸ್ನಿಲ್ಲ."

ಹದಿನಾಲ್ಕು ವರ್ಷ ದಿನವೂ ಬೆಳಿಗ್ಗೆ ಅವಳು ತನ್ನ ಲಿಂಗದ ಪೂಜೆ ಮುಗಿಸಿ, ನನ್ನದಕ್ಕೂ ನೀರು ಹಾಕಿ, ವಿಭೂತಿ ಹಚ್ಚಿ, ಬಟ್ಟೆ ಬದಲಿಸಿ ಕಟ್ಟಿಡುತ್ತಿದ್ದಳು. ಒಂದು ದಿನವೂ ಹೇಳಿರಲಿಲ್ಲ. ರೆಸಾರ್ಟಿನಲ್ಲಿ ನಾನು ತಲೆ ಎತ್ತಲಾರದೆ ಹೊರಳಾಡುತ್ತಿದ್ದ ಬೆಳಿಗ್ಗೆಯೂ ಅದೇ ಕೋಣೆಯ ಮೂಲೆಯಲ್ಲಿ ಕುಳಿತು ಅದನ್ನೇ ಮಾಡಿದ್ದಳು. ಅವಳು ಅಷ್ಟು ಜೋಪಾನ ಮಾಡಿದ್ದನ್ನು ನಾನು ಶೂಗಳ ಹಿಂದೆ ಬೆಲ್ಟಿಗೆ ಎಸೆದಿದ್ದೆ. ಅವಳು ಬಾಯಿ ತೆರೆದದ್ದು ಅದಕ್ಕೆ, ನಡಿ ನಡಿ ಎಂದು ನಾನು ಮುಚ್ಚಿಸಿದ್ದೆ.

ಬಿಚ್ಚಿದ ಚೀಲವನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕಬೇಕು ಎಂದರು. ಹಾಕುವ ಮುಂಚೆ ಅವ್ವ ಬಟ್ಟೆಯ ಗಂಟನ್ನು ನನ್ನ ಎಡ ಅಂಗೈಗೆ ಇಟ್ಟಳು. ಚೀಲ ಹೋಗಿ ಬಂತು. ಗಂಟನ್ನು ಒಳಗೆ ಇಡಲು ಹೋದೆ. ಅವ್ವ ಚೀಲದ ಬಾಯಿ ಹಿಡಿದು ಮುಚ್ಚಿದಳು.

"ಊರು ಮುಟ್ಟೋಗಂಟ ಕೈಲೇ ಇಟ್ಕೊ. ಒಂದು ನಿಮಿಷ ತಾನೆ."

ವಿಮಾನದ ಬಾಗಿಲಿಗೆ ಹೋಗುವ ಮುಂಚೆ ಕಂಪನಿಯ ಬ್ಯಾನರ್ ಹಿಡಿದು ಗ್ರೂಪ್ ಫೋಟೋ ತೆಗೆದರು. ಎಲ್ಲರೂ ಹೆಬ್ಬೆರಳು ಎತ್ತಿದ್ದಾರೆ. ನಾನು ಮಾತ್ರ ಎಡಗೈ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಪ್ರಮಾಣವಚನಕ್ಕೆ ನಿಂತ ಮಂತ್ರಿಯ ಹಾಗೆ ನಿಂತಿದ್ದೇನೆ. ಆ ಫೋಟೋ ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ಕೈಯಲ್ಲಿ ಏನು ಎಂದು ಯಾರಾದರೂ ಕೇಳಿದರೆ ಬೀಜದ ಸ್ಯಾಂಪಲ್ಲು ಎನ್ನುತ್ತೇನೆ. ಆ ಮಟ್ಟಿಗೆ ನಾನು ಇನ್ನೂ ಉದ್ಧಾರವಾಗಿಲ್ಲ.

ಕಿಟಕಿಯ ಸೀಟು ನನ್ನದೇ ಆಗಿತ್ತು. ಅವ್ವನಿಗೆ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ ಎಂದರೆ ದೊಡ್ಡತನದ ಮಾತಾಯಿತು, ಅವಳು ಕೇಳದೆ ಹೋಗಿ ಕುಳಿತಳು, ನಾನು ಸುಮ್ಮನಾದೆ. ಸೀಟಿನ ಬೆಲ್ಟನ್ನು ಒಂದೇ ಕೈಯಲ್ಲಿ ಕಟ್ಟಿಕೊಳ್ಳಲಾಗದೆ ಒದ್ದಾಡಿದೆ. ಜ್ಯೂಸು ಬಂತು, ಬೇಡ ಎಂದೆ. ಬಾಯಿ ತೆರೆದರೆ ನನ್ನ ಉಸಿರು ಅಂಗೈಯ ಕಡೆ ಹೋಗುತ್ತದೆಂದು ಮುಖವನ್ನು ಆಚೆ ತಿರುಗಿಸಿಕೊಂಡೇ ಕುಳಿತಿದ್ದೆ. ಅವ್ವನ ಭುಜದ ಆಚೆ ರೆಕ್ಕೆ ಕಾಣುತ್ತಿತ್ತು, ಬೆಳ್ಳಗೆ, ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಹಂಗಳದ ಹೂವಿನ ಹೊಲ ಇಲ್ಲಿಂದ ಕಾಣುತ್ತದೆಯೇ ಎಂದು ಅವ್ವ ಒಮ್ಮೆ ಕೇಳಿದಳು. ಅದು ಈ ದಾರಿಯಲ್ಲ ಎಂದೆ.

ಬೆಂಗಳೂರಿನಲ್ಲಿ ವಿಮಾನ ನೆಲ ಮುಟ್ಟಿತು. ಎಲ್ಲರೂ ಒಟ್ಟಿಗೆ ಎದ್ದು ಬ್ಯಾಗುಗಳಿಗೆ ಕೈ ಹಾಕಿದರು. ನನ್ನ ಫೋನು ಹೊಡೆದುಕೊಳ್ಳತೊಡಗಿತು. ಅದು ಪ್ಯಾಂಟಿನ ಎಡಗಡೆಯ ಜೇಬಿನಲ್ಲಿತ್ತು, ಬಲಗೈಗೆ ಸಿಕ್ಕದು. ಟ್ರಾನ್ಸ್‌ಪೋರ್ಟಿನವನದೇ ಇರಬೇಕು, ಗೊಬ್ಬರದ ಲೋಡು ಬರುವುದಿತ್ತು.

"ಅವ್ವ, ಒಂದು ನಿಮಿಷ" ಎಂದೆ.

ಎಂದ ಮೇಲೆ ಎಂದದ್ದು ಏನೆಂದು ತಿಳಿಯಿತು. ಅವ್ವ ನನ್ನ ಮುಖ ನೋಡಲಿಲ್ಲ. ಕಿಟಕಿಯ ಆಚೆಗೇ ನೋಡುತ್ತ, ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಹರಡಿದ ಹಾಗೆ, ಸೆರಗನ್ನು ಮಡಿಲ ಮೇಲೆ ಹರಡಿದಳು.

ನಾನು ಕೈ ಮುಚ್ಚಿಕೊಂಡು ಕುಳಿತೆ. ಫೋನು ಬಹಳ ಹೊತ್ತು ಹೊಡೆದುಕೊಂಡು ತಾನಾಗಿಯೇ ನಿಂತಿತು.